ರಾಡ್‌ಬರ್ನ್, ಗ್ರೀನ್‌ಬೆಲ್ಟ್, ರೂಸ್‌ವೆಲ್ಟ್: ಅಮೆರಿಕದ ಮೂರು ಪುಟ್ಟ ಊರು, ಯಾವುದರಲ್ಲಿ ಮನೆ ಮಾಡೋದು?

ರಾಡ್‌ಬರ್ನ್‌ನಲ್ಲಿ ಮೊದಲ ಸಲ ಮನೆ ನೋಡಲು ಹೋದಾಗ ನಾನು ಬಡಿದದ್ದು ಹಿತ್ತಲ ಬಾಗಿಲು. ಬೇಕಂತ ಬಡಿದದ್ದಲ್ಲ. ಕಾರು ನಿಲ್ಲಿಸಿದೆ. ಎದುರಿಗೆ ಗ್ಯಾರೇಜು, ಪಕ್ಕದಲ್ಲಿ ಸಣ್ಣ ಬಾಗಿಲು, ಅದರ ಪಕ್ಕ ಒಂದು ಕಿಟಕಿ, ಕಿಟಕಿಯ ಆಚೆ ಸಿಂಕು. ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ಪಾತ್ರೆ ಉಜ್ಜುವ ಸ್ಪಂಜು ಹಾಗೇ ಇತ್ತು. "ಹೊಸಬರೆಲ್ಲ ಇಲ್ಲಿಗೇ ಬರ್ತಾರೆ" ಅಂತ ನಕ್ಕರು. ಮನೆಯ ಮುಂಬಾಗಿಲು ಆ ಕಡೆ ಇತ್ತು, ಪಾರ್ಕಿಗೆ ಮುಖ ಮಾಡಿಕೊಂಡು. ಅಲ್ಲಿಗೆ ಕಾರು ಹೋಗುವುದಿಲ್ಲ. ಕಾಲ್ದಾರಿ ಮಾತ್ರ.

ಇದನ್ನು ಈಗ ನೆನೆಸಿಕೊಳ್ಳಲು ಕಾರಣ ನನ್ನ ಅಕ್ಕನ ಮಗ. ಅವನಿಗೆ ಅಮೆರಿಕದ ಪೂರ್ವ ಕರಾವಳಿಗೆ ವರ್ಗವಾಗಿದೆ. ನ್ಯೂಜೆರ್ಸಿಯಲ್ಲಾದರೂ ಇರಬಹುದು, ಮೇರಿಲ್ಯಾಂಡ್‌ನಲ್ಲಾದರೂ ಇರಬಹುದು. "ಮಾಮ, ಒಂದೇ ಥರದ ಮನೆಗಳ ಸಾಲಿನಲ್ಲಿ ಇರೋಕೆ ನಮಗೆ ಇಷ್ಟ ಇಲ್ಲ. ಮಗು ನಡೆದುಕೊಂಡು ಓಡಾಡೋ ಅಂಥ ಸಣ್ಣ ಊರು ಯಾವುದಾದ್ರೂ ಇದ್ರೆ ಹೇಳಿ" ಅಂದ. ನಾನು ಮೂರು ಹೆಸರು ಹೇಳಿದೆ. ಆಮೇಲೆ ಫೋನಿನಲ್ಲಿ ಎರಡು ತಾಸು ಹೋಯಿತು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರೂ ತಾವಾಗಿ ಬೆಳೆದ ಊರುಗಳಲ್ಲ. ಕಾಗದದ ಮೇಲೆ ಮೊದಲು ಬರೆದು ಆಮೇಲೆ ಕಟ್ಟಿದವು. 1929ರಿಂದ 1937ರೊಳಗೆ ಮೂರರಲ್ಲೂ ಜನ ವಾಸಕ್ಕೆ ಬಂದಾಗಿತ್ತು. ನೋಡಲು ಒಂದಕ್ಕಿಂತ ಒಂದು ಚೆಂದ. ಆದರೆ ಕೊಳ್ಳುವಾಗ ನೋಡಬೇಕಾದ್ದು ಅಡುಗೆಮನೆಯ ಕಲ್ಲನ್ನಲ್ಲ. ಮನೆಯ ಹೊರಗಿನ ನೆಲ ಯಾರದು, ಅದರ ಬಗ್ಗೆ ತೀರ್ಮಾನ ಮಾಡುವವರು ಯಾರು? ಈ ಎರಡು ಪ್ರಶ್ನೆಗೆ ಮೂರೂ ಊರುಗಳು ಮೂರು ಬೇರೆ ಉತ್ತರ ಕೊಡುತ್ತವೆ. ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ.

ರಾಡ್‌ಬರ್ನ್: ಪಾರ್ಕು ಎಲ್ಲರದು, ನಿಯಮ ಅಸೋಸಿಯೇಷನ್ನಿನದು

ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಫೇರ್ ಲಾನ್ ಅಂತ ಒಂದು ಊರು. ಅದರೊಳಗಿನ ಒಂದು ಭಾಗ ರಾಡ್‌ಬರ್ನ್. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಇದರ ನಕ್ಷೆ ಹಾಕಿದರು. ಗಿಡಮರದ ಕೆಲಸ ಮಾರ್ಜರಿ ಕಾಟ್ಲಿಯವರದು. ಕಾರು ಆಗತಾನೇ ಮನೆಮನೆಗೆ ಬರುತ್ತಿದ್ದ ಕಾಲ. ಮಕ್ಕಳು ರಸ್ತೆಯಲ್ಲಿ ಸಾಯುತ್ತಿದ್ದರು. ಕಾರಿಗೊಂದು ದಾರಿ, ಕಾಲಿಗೊಂದು ದಾರಿ ಮಾಡಿ, ಎರಡೂ ಒಂದನ್ನೊಂದು ಮುಟ್ಟದ ಹಾಗೆ ಊರು ಕಟ್ಟಿದರೆ ಹೇಗೆ ಅಂತ ಇವರು ಯೋಚಿಸಿದರು. ಮನೆಗಳ ಹಿಂದೆ ಆ ತುದಿಯಲ್ಲಿ ದಾರಿ ಮುಗಿದುಹೋಗುವ ಪುಟ್ಟ ಓಣಿಗಳು, ಅವು ಕಾರಿಗೆ. ಮನೆಗಳ ಮುಂದೆ ಉದ್ದಕ್ಕೂ ಪಾರ್ಕು, ಅದು ಮನುಷ್ಯರಿಗೆ. ದೊಡ್ಡ ರಸ್ತೆ ಅಡ್ಡ ಬಂದ ಕಡೆ ಕೆಳಗೊಂದು ಸುರಂಗದಾರಿ. ಮಗು ಮನೆಯಿಂದ ಶಾಲೆಗೆ ಕಾರಿನ ರಸ್ತೆ ದಾಟದೇ ಹೋಗಬಹುದು. ಇವತ್ತಿಗೂ ಹೋಗುತ್ತವೆ.

ಯೋಜನೆ ಇದ್ದದ್ದು 25,000 ಜನರಿಗೆ. 1929ರಲ್ಲಿ ಮೊದಲ ಸಂಸಾರಗಳು ಬಂದವು, ಅದೇ ವರ್ಷ ಷೇರುಪೇಟೆ ಬಿತ್ತು. ಕಟ್ಟುತ್ತಿದ್ದ ಕಂಪನಿ ದಿವಾಳಿ ಎದ್ದಿತು. ಈಗ ಇರುವುದು 149 ಎಕರೆ, ಸುಮಾರು 3,100 ಜನ. ಅದರಲ್ಲಿ 23 ಎಕರೆ ಪಾರ್ಕು. ಎರಡು ಈಜುಕೊಳ, ನಾಲ್ಕು ಟೆನಿಸ್ ಅಂಗಳ. ಅರ್ಧಕ್ಕೆ ನಿಂತದ್ದೇ ಇದರ ಅದೃಷ್ಟ ಅಂತ ನನಗನಿಸುತ್ತದೆ. ಪೂರ್ತಿ ಆಗಿದ್ದರೆ ಇದು ಸಣ್ಣ ಊರಾಗಿ ಉಳಿಯುತ್ತಿರಲಿಲ್ಲ. ಅಂದಹಾಗೆ, ಇಲ್ಲಿನ ಯೋಚನೆ ನಮ್ಮ ದೇಶಕ್ಕೂ ಬಂತು. ಲ ಕಾರ್ಬೂಸಿಯೇಗಿಂತ ಮೊದಲು ಚಂಡೀಗಢದ ನಕ್ಷೆ ಹಾಕಿದ ಆಲ್ಬರ್ಟ್ ಮೇಯರ್, ರಸ್ತೆಗಳನ್ನು ಹೊರಗೆ ಸುತ್ತಲೂ ಇಟ್ಟು ನಡುವೆ ಪಾರ್ಕು ಬಿಡುವ ರಾಡ್‌ಬರ್ನ್‌ನ ದೊಡ್ಡ ಬ್ಲಾಕುಗಳ ಪಾಠ ಕಲಿತವರೇ.

ಈಗ ಒಪ್ಪಂದದ ವಿಷಯ. ಮನೆ ನಿಮ್ಮದು, ಮನೆಯ ನೆಲವೂ ನಿಮ್ಮದು. ಪಾರ್ಕು, ಕಾಲ್ದಾರಿ, ಈಜುಕೊಳ ರಾಡ್‌ಬರ್ನ್ ಅಸೋಸಿಯೇಷನ್ನಿನವು. ಅದಕ್ಕೆ ನೀವು ವರ್ಷವರ್ಷ ಹಣ ಕಟ್ಟುತ್ತೀರಿ, ಊರಿನ ಆಸ್ತಿ ತೆರಿಗೆ ಬೇರೆ. ಮನೆಯ ಹೊರಗೆ ಏನೇ ಬದಲಾಯಿಸಬೇಕಾದರೂ ಅವರ ಒಪ್ಪಿಗೆ ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿನಲ್ಲಿ ಕೂತವರಿಗೆ ಇದೇನೂ ಹೊಸದಲ್ಲ, ಅಲ್ವಾ? ಹೊಸದಾದದ್ದು ಇನ್ನೊಂದಿದೆ. ಎಷ್ಟೋ ದಶಕ ಇಲ್ಲಿ ಹಣ ಕಟ್ಟುವ ಎಲ್ಲರಿಗೂ ಸಂಘ ನಡೆಸುವ ಟ್ರಸ್ಟಿಗಳನ್ನು ಆರಿಸುವ ಪೂರ್ತಿ ಹಕ್ಕು ಇರಲಿಲ್ಲ. ಸಂಘದ ಸದಸ್ಯತ್ವವೇ ಕೆಲವರ ಕೈಯಲ್ಲಿತ್ತು. ಕೆಲವು ನಿವಾಸಿಗಳು ಕೋರ್ಟಿಗೆ ಹೋದರು. ಕೊನೆಗೆ 2017ರಲ್ಲಿ ನ್ಯೂಜೆರ್ಸಿ ಸರ್ಕಾರ ಇಡೀ ರಾಜ್ಯದ ಇಂಥ ಸಂಘಗಳಿಗೆಲ್ಲ ಅನ್ವಯಿಸುವ ಕಾಯ್ದೆ ತಂದಿತು. ಜನ ಅದನ್ನು ರಾಡ್‌ಬರ್ನ್ ಕಾಯ್ದೆ ಅಂತಲೇ ಕರೆಯುತ್ತಾರೆ. ಇಷ್ಟು ಸಣ್ಣ ಊರಿನ ಜಗಳ ಇಡೀ ರಾಜ್ಯದ ಕಾನೂನಾಯಿತು ಅನ್ನುವುದನ್ನು ನೆನಪಿಟ್ಟುಕೊಂಡು, ಕೊಳ್ಳುವ ಮೊದಲು ಹಿಂದಿನ ಎರಡು ವರ್ಷದ ಮೀಟಿಂಗ್ ನಡಾವಳಿ ಕೇಳಿ ಓದಿ. ಬೇಜಾರಾಗುತ್ತದೆ, ಆದರೂ ಓದಿ.

ಮನೆಗಳು ಹಳೆಯವು, ಕೋಣೆಗಳು ಸಣ್ಣವು. ಗ್ಯಾರೇಜು ಅಂದಿನ ಕಾರಿನ ಅಳತೆಗೆ ಕಟ್ಟಿದ್ದು. ಈಗಿನ ದೊಡ್ಡ ಗಾಡಿ ಅದರೊಳಗೆ ಹೋದರೂ ಬಾಗಿಲು ತೆಗೆದು ಇಳಿಯೋದು ಕಷ್ಟ. ಅಲ್ಲಿ ಸೈಕಲ್ಲು, ಹಿಮ ತೆಗೆಯುವ ಸಲಿಕೆ, ಹಳೆ ಪೆಟ್ಟಿಗೆ ಇಡುತ್ತಾರೆ. ಇನ್ನು ವಾಸ್ತು ನೋಡುವವರಿಗೆ ಒಂದು ಮಾತು: ಇಲ್ಲಿ ಯಾವುದು ಸಿಂಹದ್ವಾರ ಅಂತ ಮೊದಲು ತೀರ್ಮಾನ ಮಾಡಿಕೊಂಡು ಆಮೇಲೆ ದಿಕ್ಕು ನೋಡಿ. ದಿನಸಿ ಬರುವುದು, ಮಕ್ಕಳು ಬರುವುದು, ನೆಂಟರು ಬರುವುದು ಎಲ್ಲ ಅಡುಗೆಮನೆ ಬಾಗಿಲಿಂದಲೇ.

ಗ್ರೀನ್‌ಬೆಲ್ಟ್: ಮನೆಯೇ ಎಲ್ಲರದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮವರಿಗೆ ಅರ್ಥವಾಗದೇ ಕೈಬಿಡುವುದು ಇದನ್ನೇ.

ವಾಷಿಂಗ್ಟನ್ ಪಕ್ಕದಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿದೆ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲು, ಕಡಿಮೆ ಸಂಬಳದವರಿಗೆ ಮನೆ ಕೊಡಲು ಕೇಂದ್ರ ಸರ್ಕಾರವೇ ಕಟ್ಟಿಸಿದ ಊರು. ರೆಕ್ಸ್‌ಫರ್ಡ್ ಟಗ್‌ವೆಲ್ ಅನ್ನುವ ಅಧಿಕಾರಿಯ ಕನಸು. ಇಂಥ ಮೂರು ಊರು ಕಟ್ಟಿದರು. ಇನ್ನೆರಡು ಒಹಾಯೋದ ಗ್ರೀನ್‌ಹಿಲ್ಸ್, ವಿಸ್ಕಾನ್ಸಿನ್‌ನ ಗ್ರೀನ್‌ಡೇಲ್. ಗ್ರೀನ್‌ಬೆಲ್ಟಿಗೆ 1937ರ ಸೆಪ್ಟೆಂಬರ್ ಕೊನೆಯಲ್ಲಿ ಜನ ಬಂದರು. ಮೊದಲು 885 ಮನೆ. ಯುದ್ಧದ ಹೊತ್ತಿಗೆ ಇನ್ನೂ 1,000 ಮರದ ಮನೆ ಸೇರಿಸಿದರು. ಸುಮಾರು ಚಂದ್ರನ ತುಂಡಿನ ಆಕಾರದಲ್ಲಿ ಊರು ಬಾಗಿಕೊಂಡಿದೆ. ರಾಡ್‌ಬರ್ನ್‌ನ ಹಾಗೇ ಇಲ್ಲೂ ಕಾಲ್ದಾರಿ ಬೇರೆ, ರಸ್ತೆ ಕೆಳಗೆ ಸುರಂಗ. ಮನೆಗೆ ತೋಟದ ಕಡೆ, ಕೆಲಸದ ಕಡೆ ಅಂತ ಎರಡು ಮುಖ.

ಊರು ಅಂದೆ, ಆದರೆ ಈಗ ಗ್ರೀನ್‌ಬೆಲ್ಟ್ ನಗರದಲ್ಲಿ ಎತ್ತರದ ಅಪಾರ್ಟ್‌ಮೆಂಟು, ಹೆದ್ದಾರಿ, ಆಫೀಸು ಎಲ್ಲ ಇದೆ. ನಾನು ಹೇಳುತ್ತಿರುವುದು ಹಳೇ ಗ್ರೀನ್‌ಬೆಲ್ಟ್ ಬಗ್ಗೆ ಮಾತ್ರ. ಅದರ ನಡುವೆ ರೂಸ್‌ವೆಲ್ಟ್ ಸೆಂಟರ್ ಅನ್ನುವ ಚೌಕ. ತಾಯಿ ಮಗುವಿನ ಕಲ್ಲಿನ ಶಿಲ್ಪ, ಹಳೇ ಸಿನಿಮಾ ಟಾಕೀಸು, ಊರವರೇ ಒಡೆತನ ಹೊಂದಿರುವ ಕಿರಾಣಿ ಅಂಗಡಿ, ಸಂಜೆ ಹಾಡು ಕೇಳಿಸುವ ಒಂದು ಕೆಫೆ. 1937ರಿಂದ ಬರುತ್ತಿರುವ ವಾರಪತ್ರಿಕೆ ಈಗಲೂ ಮನೆಬಾಗಿಲಿಗೆ ಪುಕ್ಕಟೆ ಬಂದು ಬೀಳುತ್ತದೆ. ಯಾರ ನಾಯಿ ಕಳೆದಿದೆ, ಕೌನ್ಸಿಲ್‌ನಲ್ಲಿ ಯಾರು ಯಾರಿಗೆ ಏನಂದರು ಎಲ್ಲ ಇರುತ್ತದೆ.

1952ರಲ್ಲಿ ಸರ್ಕಾರ ಕೈ ತೊಳೆದುಕೊಳ್ಳಲು ಹೊರಟಾಗ ಬಾಡಿಗೆದಾರರೇ ಸಹಕಾರ ಸಂಘ ಮಾಡಿಕೊಂಡು ಕೊಂಡರು. ಅದೇ ಇವತ್ತಿನ ಗ್ರೀನ್‌ಬೆಲ್ಟ್ ಹೋಮ್ಸ್. ಅದರ ಕೈಯಲ್ಲಿ 1,600 ಮನೆಗಳಿವೆ. ಇಲ್ಲಿ ನೀವು ಮನೆ ಕೊಳ್ಳುವುದಿಲ್ಲ. ಸಂಘದ ಸದಸ್ಯತ್ವ ಕೊಳ್ಳುತ್ತೀರಿ. ಅದರ ಜೊತೆ ಒಂದು ಮನೆಯಲ್ಲಿ ಇರುವ ಹಕ್ಕು ಬರುತ್ತದೆ. ಗೋಡೆ, ಸೂರು, ನೆಲ ಎಲ್ಲ ಸಂಘದ್ದು. ನಮ್ಮ ಹೌಸಿಂಗ್ ಸೊಸೈಟಿಗೂ ಇದಕ್ಕೂ ಹೆಸರು ಒಂದೇ ಥರ ಕೇಳಿಸಿದರೂ ವ್ಯತ್ಯಾಸ ಇದೆ. ನಮ್ಮಲ್ಲಿ ಸೊಸೈಟಿ ಸೈಟು ಹಂಚಿ, ಕ್ರಯಪತ್ರ ಬರೆದುಕೊಟ್ಟು ಸುಮ್ಮನಾಗುತ್ತದೆ. ಇಲ್ಲಿ ಕ್ರಯಪತ್ರ ನಿಮ್ಮ ಹೆಸರಿಗೆ ಆಗುವುದೇ ಇಲ್ಲ.

ಇದರಿಂದ ಏನೇನು ಆಗುತ್ತದೆ?

ಒಳ್ಳೆಯದು ಮೊದಲು. ತಿಂಗಳ ಶುಲ್ಕದಲ್ಲೇ ಆಸ್ತಿ ತೆರಿಗೆ, ನೀರು, ಕಸ, ಕಟ್ಟಡದ ವಿಮೆ, ಹೊರಗಿನ ರಿಪೇರಿ ಸೇರಿರುತ್ತದೆ. ಸೂರು ಸೋರಿದರೆ ನೀವು ಮೇಸ್ತ್ರಿ ಹುಡುಕಬೇಕಾಗಿಲ್ಲ, ಸಂಘಕ್ಕೆ ಫೋನು ಮಾಡಿದರೆ ಸಾಕು. ಬೆಲೆಯೂ ಸುತ್ತಲಿನ ಮನೆಗಳಿಗಿಂತ ಕೈಗೆಟುಕುವ ಹಾಗಿರುತ್ತದೆ. ಒಂದು ಸದಸ್ಯತ್ವಕ್ಕೆ ಒಂದು ಮತ, ಆಡಳಿತ ಮಂಡಳಿಗೆ ನೀವೇ ನಿಲ್ಲಬಹುದು.

ತೊಂದರೆ ಸಾಲದಿಂದ ಶುರು. ನನ್ನ ಸ್ನೇಹಿತರೊಬ್ಬರು ಇಲ್ಲಿ ಮನೆ ಹಿಡಿಯಲು ಹೋದಾಗ ಅವರ ಬ್ಯಾಂಕು ಮೂರು ವಾರ ಕಾಗದ ಕೇಳುತ್ತಾ ಹೋಯಿತು. ಸಂಬಳದ ಚೀಟಿ ಕೊಟ್ಟರು, ತೆರಿಗೆ ಕಾಗದ ಕೊಟ್ಟರು. ಕೊನೆಗೆ ಒಬ್ಬ ಹುಡುಗ ಫೋನು ಮಾಡಿ, "ಸರ್, ಇದು ಮನೆಯಲ್ಲವಲ್ಲ" ಅಂದನಂತೆ. ತಪ್ಪು ಅವನದಲ್ಲ. ಇಂಥ ಸದಸ್ಯತ್ವದ ಮೇಲೆ ಸಾಲ ಕೊಡುವವರು ಕಡಿಮೆ. ಆದ್ದರಿಂದ ಮನೆ ಮೆಚ್ಚುವ ಮೊದಲೇ ಸಂಘದ ಆಫೀಸಿಗೆ ಹೋಗಿ ಯಾರು ಸಾಲ ಕೊಡುತ್ತಾರೆ ಅಂತ ಪಟ್ಟಿ ತೆಗೆದುಕೊಳ್ಳಿ. ಎರಡನೆಯದು ಬಾಡಿಗೆ. ಎರಡು ವರ್ಷ ಇದ್ದು, ಮನೆ ಬಾಡಿಗೆಗೆ ಕೊಟ್ಟು, ಇನ್ನೊಂದು ಕೊಳ್ಳೋಣ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಾಡಿಗೆಗೆ ಕೊಡಲು ಸಂಘದ ಅನುಮತಿ ಬೇಕು, ಅದಕ್ಕೂ ಮಿತಿ ಇದೆ. ಮನೆ ಇರುವುದು ವಾಸಕ್ಕೆ ಅನ್ನುವುದು ಇವರ ಹಟ. ಹಣ ಹೂಡಲು ಬಂದವರು ಇಲ್ಲಿಂದಲೇ ವಾಪಸ್ ಹೋಗುವುದು ಒಳ್ಳೆಯದು.

ಇನ್ನು ಸಾಲುಮನೆ ಅಂದಮೇಲೆ ಗೋಡೆ ಒಂದೇ. ನಿಮ್ಮ ಒಗ್ಗರಣೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆ ಪಕ್ಕದ ಮನೆಯ ಅಜ್ಜಿಯೇ ಒಂದು ದಿನ ಬಟ್ಟಲು ಹಿಡಿದುಕೊಂಡು ಬಂದು, ವಾಸನೆ ಬರುತ್ತಿದೆ, ಅದೇನು ಅಂತ ಕೇಳಿ ಹುಳಿ ಹಾಕಿಸಿಕೊಂಡು ಹೋದರಂತೆ. ಎಲ್ಲ ಅಜ್ಜಿಯರೂ ಹಾಗಿರುತ್ತಾರೆ ಅಂತ ನಾನು ಹೇಳಲಾರೆ.

ನನ್ನ ಹೆಂಡತಿಗೆ ಗ್ರೀನ್‌ಬೆಲ್ಟಿನಲ್ಲಿ ಹಿಡಿಸಿದ್ದು ಬಟ್ಟೆ ಒಣಗಿಸುವ ಹಗ್ಗ. ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಬಟ್ಟೆ ಹೊರಗೆ ಹಾಕಿದರೆ ಮರ್ಯಾದೆ ಹೋದ ಹಾಗೆ ಆಡುತ್ತಾರೆ. ಇಲ್ಲಿ ಮನೆ ಕಟ್ಟುವಾಗಲೇ ಹಗ್ಗಕ್ಕೆ ಜಾಗ ಬಿಟ್ಟಿದ್ದಾರೆ. ಆ ಕಾಲದಲ್ಲಿ ಅದಕ್ಕೂ ಒಂದು ನಿಯಮ ಇತ್ತು. ಸಂಜೆ 4 ಗಂಟೆಯ ಮೇಲೆ ಹಗ್ಗದ ಮೇಲೆ ಬಟ್ಟೆ ಇರಬಾರದು, ಭಾನುವಾರ ಹಾಕಲೇಬಾರದು. ನಮ್ಮಜ್ಜಿ ಇದ್ದಿದ್ದರೆ ಆ ನಿಯಮ ಮಾಡಿದವರ ಜೊತೆ ಸರಿಹೋಗುತ್ತಿದ್ದರು.

ರೂಸ್‌ವೆಲ್ಟ್: ಸಂಘವಿಲ್ಲ, ಊರೇ ಎಲ್ಲ

ಮತ್ತೆ ನ್ಯೂಜೆರ್ಸಿಗೆ. ಈಸ್ಟ್ ವಿಂಡ್ಸರ್‌ನಿಂದ ಸ್ವಲ್ಪ ದೂರ, ಕಾಡಿನ ನಡುವೆ ಸುಮಾರು 800 ಜನರ ಊರು. ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯಷ್ಟು. ಆದರೂ ಇದಕ್ಕೇ ಒಬ್ಬ ಮೇಯರು, ಒಂದು ಕೌನ್ಸಿಲ್ಲು, ಒಂದು ಪ್ರಾಥಮಿಕ ಶಾಲೆ.

ಇದನ್ನೂ ಕಟ್ಟಿದ್ದು ಕೇಂದ್ರ ಸರ್ಕಾರವೇ. ನ್ಯೂಯಾರ್ಕಿನ ಯಹೂದಿ ದರ್ಜಿ ಕೆಲಸಗಾರರು ತಲಾ 500 ಡಾಲರ್ ಕಟ್ಟಿ ಇಲ್ಲಿಗೆ ಬಂದರು. ಬಟ್ಟೆ ಕಾರ್ಖಾನೆ, ಹೊಲ, ಅಂಗಡಿ ಮೂರನ್ನೂ ಸಹಕಾರದಲ್ಲಿ ನಡೆಸುವ ಯೋಚನೆ. ಐನ್‌ಸ್ಟೈನ್ ಬೆಂಬಲ ಕೊಟ್ಟಿದ್ದರು. 1936ರಲ್ಲಿ ಕಾರ್ಖಾನೆ ತೆರೆಯಿತು, ಕೆಲವೇ ವರ್ಷದಲ್ಲಿ ಸೋತಿತು. ಊರು ಉಳಿಯಿತು. ಆಗ ಇದರ ಹೆಸರು ಜೆರ್ಸಿ ಹೋಮ್‌ಸ್ಟೆಡ್ಸ್. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡ ವರ್ಷ, 1945ರಲ್ಲಿ, ಅವರ ಹೆಸರಿಟ್ಟರು.

ಮನೆಗಳು ಚಪ್ಪಟೆ ತಾರಸಿಯವು. ಮೊದಲು ನೋಡಿದಾಗ ನಮ್ಮ ಕಡೆಯ ಸರ್ಕಾರಿ ಕ್ವಾರ್ಟರ್ಸ್ ನೆನಪಾಯಿತು. ವಾಸ್ತುಶಿಲ್ಪಿ ಆಲ್ಫ್ರೆಡ್ ಕ್ಯಾಸ್ಟ್‌ನರ್, ಅವರ ಕೈಕೆಳಗೆ ಕೆಲಸ ಮಾಡಿದ ಯುವಕ ಲೂಯಿ ಕಾನ್. ಆಮೇಲೆ ಅಹಮದಾಬಾದಿನ ಐಐಎಂ ಮಾಡಿದರಲ್ಲ, ಅವರೇ. ಕಾನ್‌ರನ್ನು ಅಹಮದಾಬಾದಿಗೆ ಕರೆತಂದ ಬಾಲಕೃಷ್ಣ ದೋಶಿಯವರು ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಿದರು. ಎಲ್ಲಿಂದ ಎಲ್ಲಿಗೆ ನಂಟು ನೋಡಿ.

ಶಾಲೆಯ ಗೋಡೆಯ ಮೇಲೆ ಬೆನ್ ಶಾನ್ ಬರೆದ ಭಿತ್ತಿಚಿತ್ರ ಇದೆ. ಸುಮಾರು 45 ಅಡಿ ಅಗಲ, 12 ಅಡಿ ಎತ್ತರ. ಎಡಗಡೆ ಹಡಗಿನಿಂದ ಇಳಿಯುವ ವಲಸೆಗಾರರು, ಅವರ ಮುಂದೆ ಐನ್‌ಸ್ಟೈನ್. ನಡುವೆ ಇಕ್ಕಟ್ಟಿನಲ್ಲಿ ಹೊಲಿಯುವ ಕೆಲಸಗಾರರು. ಕೊನೆಯಲ್ಲಿ ಮೇಜಿನ ಸುತ್ತ ಕೂತು ಊರಿನ ನಕ್ಷೆ ನೋಡುವ ಜನ. ಚಿತ್ರ ಬರೆಯಲು ಬಂದ ಶಾನ್ ಇಲ್ಲೇ ಮನೆ ಮಾಡಿ, 1969ರಲ್ಲಿ ತೀರಿಕೊಳ್ಳುವ ತನಕ ಇಲ್ಲೇ ಇದ್ದರು. ಅವರ ಹಿಂದೆ ಬೇರೆ ಕಲಾವಿದರೂ ಬಂದರು.

ಇಲ್ಲಿ ಮನೆ ನಿಮ್ಮದು, ಸುಮಾರು ಅರ್ಧ ಎಕರೆ ನೆಲವೂ ನಿಮ್ಮದು. ಅಸೋಸಿಯೇಷನ್ ಇಲ್ಲ. ಬಾಗಿಲಿಗೆ ಯಾವ ಬಣ್ಣ ಬೇಕಾದರೂ ಬಳಿಯಿರಿ. ಹೀರೆ, ಸೋರೆ, ಅವರೆ ಏನು ಬೇಕಾದರೂ ಹಾಕಿ. ಬೇಲಿ ಮಾತ್ರ ಗಟ್ಟಿ ಇರಲಿ, ಜಿಂಕೆಗಳಿಗೆ ಅವರೆ ಸೊಪ್ಪು ನಮಗಿಂತ ಇಷ್ಟ. ರಕ್ತ ಹೀರುವ ಉಣ್ಣೆ ಹುಳದ ಕಾಟವೂ ಉಂಟು. ಕಾಡಂಚಿನಿಂದ ಬಂದಮೇಲೆ ಮಕ್ಕಳ ಕಾಲು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಸಂಘದ ಶುಲ್ಕ ಇಲ್ಲ ಅಂತ ಹಿಗ್ಗಬೇಡಿ. ಅಂಗಡಿ ಕಾರ್ಖಾನೆ ಹೆಚ್ಚಿಲ್ಲದ ಊರಲ್ಲಿ ರಸ್ತೆ, ನೀರು, ಶಾಲೆ ಎಲ್ಲದರ ಖರ್ಚು ಮನೆಗಳ ಮೇಲೇ ಬೀಳುತ್ತದೆ. ನ್ಯೂಜೆರ್ಸಿಯ ಆಸ್ತಿ ತೆರಿಗೆ ಹೇಗೂ ದೇಶದಲ್ಲೇ ಜಾಸ್ತಿ. ಮಾರಾಟದ ಬೆಲೆ ನೋಡಿ ಅಗ್ಗ ಅನ್ನಿಸಿದರೆ ತೆರಿಗೆ ಬಿಲ್ಲು, ನೀರಿನ ಬಿಲ್ಲು ಎರಡನ್ನೂ ಕೇಳಿ ತರಿಸಿಕೊಂಡು ತಿಂಗಳ ಲೆಕ್ಕ ಹಾಕಿ. ಇನ್ನು 800 ಜನರಲ್ಲಿ ಯಾರಾದರೂ ಕೌನ್ಸಿಲ್ಲಿಗೆ ನಿಲ್ಲಬೇಕಲ್ಲ? ಮೂರು ವರ್ಷ ಕಳೆಯುವುದರೊಳಗೆ ನಿಮ್ಮನ್ನೂ ಕೇಳುತ್ತಾರೆ.

ದಿನದ ಓಡಾಟ

ರಾಡ್‌ಬರ್ನ್‌ಗೆ ತನ್ನದೇ ರೈಲು ನಿಲ್ದಾಣ ಇದೆ. ಸಿಕಾಕಸ್‌ನಲ್ಲಿ ಬದಲಾಯಿಸಿ ನ್ಯೂಯಾರ್ಕಿಗೆ ಹೋಗಬಹುದು. ಗ್ರೀನ್‌ಬೆಲ್ಟ್ ವಾಷಿಂಗ್ಟನ್ ಮೆಟ್ರೋದ ಹಸಿರು ಮಾರ್ಗದ ಕೊನೆಯ ನಿಲ್ದಾಣ. ಹಳೇ ಊರಿನಿಂದ ನಿಲ್ದಾಣಕ್ಕೆ ನಡೆದು ಹೋಗುವುದು ದೂರ, ಬಸ್ಸೋ ಸೈಕಲ್ಲೋ ಬೇಕು. ನಾಸಾದ ಗೊಡಾರ್ಡ್ ಕೇಂದ್ರ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಪಕ್ಕದಲ್ಲೇ. ರೂಸ್‌ವೆಲ್ಟಿನಲ್ಲಿ ಕಾರಿಲ್ಲದೆ ಏನೂ ನಡೆಯದು. ರೈಲಿಗೆ ಪ್ರಿನ್ಸ್‌ಟನ್ ಜಂಕ್ಷನ್ ತನಕ ಹೋಗಬೇಕು.

ಊಟ, ದೇವರು, ಕನ್ನಡ ಮೂರರ ಲೆಕ್ಕದಲ್ಲಿ ಗ್ರೀನ್‌ಬೆಲ್ಟಿಗೆ ಒಂದು ಕೈ ಮೇಲು. ಲ್ಯಾನ್‌ಹ್ಯಾಮ್‌ನ ಶಿವ ವಿಷ್ಣು ದೇವಸ್ಥಾನ ಕಾರಿನಲ್ಲಿ ಹತ್ತಿರದಲ್ಲೇ ಇದೆ. ವಾರಾಂತ್ಯದಲ್ಲಿ ಅಲ್ಲಿನ ಕ್ಯಾಂಟೀನಿನ ದೋಸೆಗೆ ನಿಂತರೆ ಸಾಲಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಆ ಕಡೆಯವರಿಗೆ ಕಾವೇರಿ ಕನ್ನಡ ಸಂಘ, ನ್ಯೂಜೆರ್ಸಿಯವರಿಗೆ ಬೃಂದಾವನ. ರೂಸ್‌ವೆಲ್ಟಿನಿಂದ ರಾಬಿನ್ಸ್‌ವಿಲ್‌ನ ದೊಡ್ಡ ಅಕ್ಷರಧಾಮ ಹತ್ತಿರ. ದಿನಸಿಗೆ ಈಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೋ ಕಡೆ ನಮ್ಮ ಅಂಗಡಿಗಳಿವೆ.

ರಾಡ್‌ಬರ್ನ್‌ಗೆ ಹೋಗುವವರಿಗೆ ಒಂದು ಎಚ್ಚರಿಕೆ. ಬರ್ಗನ್ ಕೌಂಟಿಯಲ್ಲಿ ಭಾನುವಾರ ಬಟ್ಟೆ, ಪೀಠೋಪಕರಣ, ಟೀವಿ ಫ್ರಿಜ್ಜು ಮಾರುವಂತಿಲ್ಲ. ಹಳೇ ಕಾನೂನು, ಇನ್ನೂ ಜಾರಿಯಲ್ಲಿದೆ. ತರಕಾರಿ ದಿನಸಿಗೆ ತೊಂದರೆಯಿಲ್ಲ. ಹೊಸ ಮನೆಗೆ ಬಂದ ಮೊದಲ ಭಾನುವಾರ ಹಾಸಿಗೆ ಕೊಳ್ಳಲು ಹೊರಟು ನಾವು ಖಾಲಿ ಪಾರ್ಕಿಂಗ್ ನೋಡಿಕೊಂಡು ಬಂದಿದ್ದೇವೆ.

ಯಾರಿಗೆ ಯಾವುದು

ಒಂದು ಹಳೇ ಸಂಗತಿ ಮುಚ್ಚಿಡಬಾರದು. ಗ್ರೀನ್‌ಬೆಲ್ಟಿಗೆ ಮೊದಲು ಆರಿಸಿದ ಸಂಸಾರಗಳೆಲ್ಲ ಬಿಳಿಯರವು. ಊರು ಕಟ್ಟಲು ಕರಿಯರು ದುಡಿದಿದ್ದರು, ಇರಲು ಮನೆ ಮಾತ್ರ ಸಿಗಲಿಲ್ಲ. ರಾಡ್‌ಬರ್ನ್‌ನಲ್ಲೂ ಶುರುವಿನಲ್ಲಿ ಮನೆ ಮಾರುವವರು ಯಹೂದಿಗಳನ್ನೂ ಕರಿಯರನ್ನೂ ದೂರ ಇಟ್ಟಿದ್ದರು. ಈಗ ಗ್ರೀನ್‌ಬೆಲ್ಟಿನ ಚೌಕದಲ್ಲಿ ಅರ್ಧ ಗಂಟೆ ಕೂತರೆ ಎಲ್ಲ ಬಣ್ಣದ ಜನ ಕಾಣುತ್ತಾರೆ.

ನನ್ನನ್ನು ಕೇಳಿದರೆ, ಸಣ್ಣ ಮಕ್ಕಳಿದ್ದು, ನ್ಯೂಯಾರ್ಕಿನಲ್ಲಿ ಕೆಲಸವಿದ್ದು, ಶುಲ್ಕ ಮತ್ತು ತೆರಿಗೆ ಎರಡನ್ನೂ ತಡೆಯುವ ಶಕ್ತಿ ಇದ್ದರೆ ರಾಡ್‌ಬರ್ನ್. ಉಳಿತಾಯ ಕಡಿಮೆ, ಊರಿನ ಜೊತೆ ಬೆರೆಯುವ ಮನಸ್ಸು ಜಾಸ್ತಿ ಇದ್ದು, ಮನೆಯನ್ನು ಬಂಡವಾಳ ಅಂತ ನೋಡದಿದ್ದರೆ ಗ್ರೀನ್‌ಬೆಲ್ಟ್. ಮನೆಯಿಂದಲೇ ಕೆಲಸ, ಕೈಯಲ್ಲಿ ಗುದ್ದಲಿ, ಪಕ್ಕದಲ್ಲಿ ಯಾರೂ ಬೇಡ ಅನ್ನುವವರಿಗೆ ರೂಸ್‌ವೆಲ್ಟ್. ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರುತ್ತಾರೆ ಅಂದರೆ ರೂಸ್‌ವೆಲ್ಟ್ ಬೇಡ. ಕಾರು ಓಡಿಸದ ಹಿರಿಯರು ಅಲ್ಲಿ ಕಿಟಕಿ ಪಕ್ಕ ಕೂತು ಬಿಡುತ್ತಾರೆ. ಗ್ರೀನ್‌ಬೆಲ್ಟಿನಲ್ಲಿ ಅವರೇ ಹಾಲು ತರಲು ಹೋಗಿ ನಾಲ್ಕು ಜನರನ್ನು ಮಾತಾಡಿಸಿಕೊಂಡು ಬರುತ್ತಾರೆ.

ವೀಸಾ ಮೇಲೆ ಇರುವವರು, ಇನ್ನೂ ಎಷ್ಟು ವರ್ಷ ಅಂತ ಗೊತ್ತಿಲ್ಲದವರು ಮೂರರಲ್ಲಿ ಯಾವುದನ್ನೂ ಮೊದಲ ವರ್ಷವೇ ಕೊಳ್ಳಬೇಡಿ. ಹತ್ತಿರದಲ್ಲಿ ಬಾಡಿಗೆಗೆ ಇದ್ದು ನೋಡಿ. ನೋಡಲು ಹೋಗುವುದಾದರೆ ಬಿಸಿಲಿನ ಶನಿವಾರ ಬೇಡ. ಫೆಬ್ರುವರಿಯ ಒಂದು ಮಂಗಳವಾರ, ಸಂಜೆ 5 ಗಂಟೆಗೆ ಹೋಗಿ. ಕಾಲ್ದಾರಿಯ ಹಿಮ ತೆಗೆದಿದ್ದಾರಾ, ಸುರಂಗದಲ್ಲಿ ದೀಪ ಉರಿಯುತ್ತಿದೆಯಾ, ನೀರು ನಿಂತಿದೆಯಾ ನೋಡಿ. ಸಂಘವೋ ಕೌನ್ಸಿಲ್ಲೋ ಹೇಗೆ ನಡೆಯುತ್ತಿದೆ ಅಂತ ಆಗ ಗೊತ್ತಾಗುತ್ತದೆ.

ನನ್ನ ಅಕ್ಕನ ಮಗ ಮುಂದಿನ ತಿಂಗಳು ಹೊರಡುತ್ತಾನೆ. ಅವನಿಗೆ ಗ್ರೀನ್‌ಬೆಲ್ಟ್ ಹಿಡಿಸಿದೆ. ಅವನ ಹೆಂಡತಿಗೆ ರಾಡ್‌ಬರ್ನ್. ಅಕ್ಕ ಮಾತ್ರ ಫೋನು ಕಸಿದುಕೊಂಡು ಒಂದೇ ಪ್ರಶ್ನೆ ಕೇಳಿದಳು: "ಎರಡು ಬಾಗಿಲಿದ್ರೆ ತುಳಸಿ ಯಾವ ಕಡೆ ಇಡೋದೋ?" ಹಿಮ ಬೀಳುವಾಗ ಒಳಗೆ, ಬೇಸಿಗೆಯಲ್ಲಿ ಪಾರ್ಕಿನ ಕಡೆ ಅಂದಿದ್ದೇನೆ.